ಹುಳುಮನೆಯ ಬಾಗಿಲಲ್ಲಿ ಐದು ಕುದುರೆ

ತನ್ನ ಮನೆಯ ಮುಂದೆ ಮನೋಹರನ ಜೀಪು ನಿಂತಿರುವುದು ದೂರದಿಂದಲೇ ಕಂಡಾಗ ಸಂಘಮಿತ್ರ ಲಗಾಮು ಬಿಗಿಹಿಡಿದಳು. ಅವಳ ಹಿಂದೆ ನಾಲ್ಕು ಕುದುರೆಗಳ ಮೇಲೆ ಬೆಂಗಳೂರಿನಿಂದ ಬಂದ ನಾಲ್ವರು ಅತಿಥಿಗಳಿದ್ದರು. ಬೆಳಿಗ್ಗೆ ಲಾಯದಲ್ಲಿ ಹೇಳಿದ ದಾರಿಯಲ್ಲಿ ಈ ಮನೆ ಇರಲಿಲ್ಲ. ಊರಂಚಿನಲ್ಲಿ ಹಾದು, ಕೆರೆ ಏರಿ ಇಳಿದು, ಹಿನ್ನೀರು ದಾಟಿ, ಆಚೆ ದಡದ ದ್ರಾಕ್ಷಿ ತೋಟ ಸೇರಬೇಕು, ಮಧ್ಯಾಹ್ನದ ಊಟ ಅಲ್ಲಿ ಎಂದಷ್ಟೇ ಇತ್ತು.

ಮೂರು ದಿನದ ಕುದುರೆ ಸವಾರಿ ಮನೋಹರನ ಹೊಸ ವ್ಯಾಪಾರ. ಮೊದಲ ದಿನ ದೊಡ್ಡಬಳ್ಳಾಪುರದ ಕಡೆಯ ಒಂದು ಮಾವಿನ ತೋಟದಿಂದ ಹೊರಟು ಸಂಜೆಗೆ ಮಾರಗಾನಹಳ್ಳಿಯ ಅವನ ಸ್ವಂತ ಫಾರಂಗೆ ಬಂದು ತಂಗುವುದು. ಎರಡನೆಯ ದಿನ ಕೆರೆ ದಾಟಿ ದ್ರಾಕ್ಷಿ ತೋಟ. ಮೂರನೆಯ ದಿನ ಅಲ್ಲಿಂದ ಪಕ್ಕದ ಸಣ್ಣ ಪೇಟೆ ವಿಜಯಪುರದ ಹತ್ತಿರದ ಇನ್ನೊಂದು ತೋಟಕ್ಕೆ. ಈಚಿನ ವರ್ಷಗಳಲ್ಲಿ ಮಾರಗಾನಹಳ್ಳಿ ಕೆರೆ ಬತ್ತಿದ್ದೇ ಇಲ್ಲ. ಹಿನ್ನೀರಿನ ತುಂಬ ಆಳೆತ್ತರದ ಜೊಂಡು, ಅಂತರಗಂಗೆ, ಕೊಕ್ಕರೆ, ಹೂಳು. ಹೊಟ್ಟೆಮಟ್ಟದ ನೀರಿನಲ್ಲಿ ಕುದುರೆ ಸಾಲಾಗಿ ನಡೆಯುವುದನ್ನು ಫೋಟೊದಲ್ಲಿ ನೋಡಿಯೇ ಜನ ದುಡ್ಡು ಕಟ್ಟುತ್ತಿದ್ದರು. ಆ ನೀರಿನ ಕೆಳಗೆ ಎಲ್ಲಿ ಗಟ್ಟಿ ನೆಲ, ಎಲ್ಲಿ ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟ ಗುಂಡಿ ಎಂಬುದು ಸಂಘಮಿತ್ರಳಿಗೆ ಮಾತ್ರ ಗೊತ್ತಿತ್ತು. ಕೆರೆ ಬರಿದಾಗಿದ್ದ ಕಾಲದಲ್ಲಿ ಅಲ್ಲೇ ಮೇಕೆ ಮೇಯಿಸಿ ಬೆಳೆದವಳು ಅವಳು. ಕುದುರೆ ವಿದ್ಯೆ ಕಲಿತದ್ದು ರೇಸ್ ಕುದುರೆ ಸಾಕುವ ಒಂದು ಫಾರಂನಲ್ಲಿ, ಅಲ್ಲಿ ಕುದುರೆ ನೋಡಿಕೊಳ್ಳುವ ಸೈಸನಾಗಿದ್ದ ಸೋದರಮಾವ ಮುರಳಿಯ ಹಿಂದೆ ಬಿದ್ದು. ಎರಡು ವರ್ಷದಿಂದ ಮನೋಹರನ ಬಳಿ ಕೆಲಸ.

"ಬನ್ನಿ ಬನ್ನಿ," ಎಂದ ಮನೋಹರ್ ಅತಿಥಿಗಳಿಗೆ, ಜೀಪಿನಿಂದ ಇಳಿದು. "ಇದು ಸರ್‌ಪ್ರೈಸ್. ನಿಜವಾದ ರೇಷ್ಮೆ ಹುಳು ನೋಡಿದೀರಾ? ನಮ್ಮ ಲಕ್ಷ್ಮಯ್ಯನ ಮನೇಲಿ ತೋರಿಸ್ತೀನಿ. ಐದೇ ನಿಮಿಷ."

ಲಕ್ಷ್ಮಯ್ಯ ಸಂಘಮಿತ್ರಳ ತಂದೆ. ಒಗೆದ ಅಂಗಿ ಹಾಕಿಕೊಂಡು ಹುಳುಮನೆಯ ಬಾಗಿಲಲ್ಲಿ ನಿಂತಿದ್ದ. ಹಿಂದಿನ ರಾತ್ರಿಯೇ ಮನೋಹರನ ಫೋನು ಬಂದಿತ್ತು, ಮಗಳಿಗೆ ಹೇಳಿರಲಿಲ್ಲ. ಮನೋಹರನ ತಂದೆ ಅಪ್ಪಯ್ಯಣ್ಣನ ಹೊಲದಲ್ಲಿ ಇಪ್ಪತ್ತೆರಡು ವರ್ಷ ಕೂಲಿ ಮಾಡಿದವನು ಲಕ್ಷ್ಮಯ್ಯ. ಈಗ ಸ್ವಂತದ ಒಂದು ಎಕರೆ ಹಿಪ್ಪುನೇರಳೆ ತೋಟವಿದೆ, ಸರ್ಕಾರದ ಸಹಾಯಧನದಲ್ಲಿ ಕಟ್ಟಿದ ಹುಳುಮನೆಯಿದೆ. ಆದರೂ ಆ ಮನೆಯವರ ಫೋನು ಬಂದರೆ ಇವತ್ತಿಗೂ ಎದ್ದು ನಿಂತೇ ಮಾತಾಡುತ್ತಾನೆ.

ಸಂಘಮಿತ್ರ ಕುದುರೆಯಿಂದ ಜಿಗಿದಳು. "ಸಾರ್, ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟಿರೋ ಹುಳ. ಈಗ ಹೊರಗಿನವರನ್ನ ಯಾರನ್ನೂ ಬಿಡಲ್ಲ. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟೋವು."

"ನಿಮ್ಮಪ್ಪನೇ ಬಾಗಿಲು ತೆಗೀತಾ ಇದಾನಲ್ಲಮ್ಮ," ಎಂದು ನಕ್ಕ ಮನೋಹರ್. "ನೀನು ಕುದುರೆ ನೋಡ್ಕೋ."

"ಅಮ್ಮ ಎಲ್ಲಪ್ಪಾ?"

"ಸೊಪ್ಪು ಕೊಯ್ಯೋಕೆ ಹೋದ್ಲು, ತೋಟದ ಆ ತುದೀಲವ್ಳೆ," ಎಂದ ಲಕ್ಷ್ಮಯ್ಯ ಮಗಳ ಮುಖ ನೋಡದೆ. ಆಮೇಲೆ ಅತಿಥಿಗಳಿಗೆ, "ಬನ್ನಿ ಸ್ವಾಮಿ. ಕಾಲು ಮಾತ್ರ ಇಲ್ಲಿ ಅದ್ದಿ ಬನ್ನಿ."

ಬಾಗಿಲ ಬಳಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆಯಿತ್ತು. ನಾಲ್ವರೂ ಬೂಟು ಕಳಚಿ, ಕಿಸಿಕಿಸಿ ನಗುತ್ತ ಪಾದ ಅದ್ದಿದರು. ಅವರಲ್ಲಿ ಹಿರಿಯರು ರವಿಚಂದ್ರ ಮತ್ತು ಶಶಿರೇಖಾ ಎಂಬ ದಂಪತಿ, ಇನ್ನಿಬ್ಬರು ಅವರ ಗೆಳೆಯರು. ರವಿಚಂದ್ರನ ಕೈಯಲ್ಲಿ ಸೊಳ್ಳೆ ಓಡಿಸುವ ಸ್ಪ್ರೇ ಡಬ್ಬಿ ಇತ್ತು. ಕೆರೆಯಲ್ಲಿ ಸೊಳ್ಳೆ ಜಾಸ್ತಿ ಎಂದು ಮನೋಹರನೇ ಬೆಳಿಗ್ಗೆ ಎಲ್ಲರಿಗೂ ಒಂದೊಂದು ಕೊಟ್ಟಿದ್ದ. ಹುಳುಮನೆಯ ಹೊಸ್ತಿಲಲ್ಲಿ ನಿಂತು ರವಿಚಂದ್ರ ಕುತ್ತಿಗೆಗೆ, ತೋಳಿಗೆ, ಕಾಲಿಗೆ ಬುಸ್ಸೆಂದು ಹೊಡೆದುಕೊಂಡ.

"ಸಾರ್, ಅದು ಬೇಡ!" ಐದು ಕುದುರೆಗಳ ಲಗಾಮು ಎರಡು ಕೈಯಲ್ಲಿ ಹಿಡಿದಿದ್ದ ಸಂಘಮಿತ್ರ ಕೂಗಿದಳು. "ಹುಳಕ್ಕೆ ಆಗಲ್ಲ ಅದು."

"ಹರ್ಬಲ್ ಕಣಮ್ಮ, ಏನೂ ಆಗಲ್ಲ," ಎಂದ ಮನೋಹರ್. ಎಲ್ಲರೂ ಒಳಗೆ ಹೋದರು.

ಸಂಘಮಿತ್ರ ಇನ್ನೊಂದು ಮಾತು ಆಡಲಿಲ್ಲ. ಐದು ನಿಮಿಷ ಅಂದದ್ದು ಇಪ್ಪತ್ತು ನಿಮಿಷವಾಯಿತು. ಜಾಲರಿ ಕಿಟಕಿಯಿಂದ, ಹುಳುವಿನ ತಟ್ಟೆ ಜೋಡಿಸಿದ್ದ ಐದು ಸ್ಟ್ಯಾಂಡುಗಳ ನಡುವೆ ನಡೆಯುತ್ತಿದ್ದದ್ದೆಲ್ಲ ಅವಳಿಗೆ ಕಾಣುತ್ತಿತ್ತು. ಅಂಗೈ ಮೇಲೆ ಹುಳು ಇಟ್ಟುಕೊಂಡು ಫೋಟೊ, ತೋಳಿನ ಮೇಲೆ ಹರಿಸಿಕೊಂಡು ಫೋಟೊ, ಸೊಪ್ಪಿನೊಳಗೆ ಕೈ ತೂರಿಸಿ ವಿಡಿಯೊ. ಹೊರಬರುವಾಗ ಮನೋಹರ್ ಲಕ್ಷ್ಮಯ್ಯನ ಬೆನ್ನು ತಟ್ಟಿ, "ಥ್ಯಾಂಕ್ಸ್ ಲಕ್ಷ್ಮಯ್ಯ, ಮುಂದಿನ ವಾರಾನೂ ಬರ್ತೀವಿ," ಎಂದ. ಲಕ್ಷ್ಮಯ್ಯ ಕೈ ಮುಗಿದ. ಸಂಘಮಿತ್ರ ಒಬ್ಬೊಬ್ಬರನ್ನೂ ಜೀನಿಗೆ ಹತ್ತಿಸಿ, ರಿಕಾಪಿಗೆ ಕಾಲು ಸಿಗಿಸಿಕೊಟ್ಟು, ಕೆರೆಯ ದಾರಿ ಹಿಡಿದಳು. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಫೋನು ಬಂದದ್ದು ಹನ್ನೊಂದು ಗಂಟೆಗೆ, ಹಿನ್ನೀರಿನ ನಟ್ಟನಡುವೆ. ಕುದುರೆಗಳ ಹೊಟ್ಟೆಗೆ ನೀರು ತಾಗುತ್ತಿತ್ತು. ಎರಡೂ ಕಡೆ ಜೊಂಡು. ಹಿಂದೆ ಯಾರೋ ಹಾಡು ಹಾಕಿದ್ದರು. ಅವಳ ತಾಯಿ ಸಪ್ಪಲಮ್ಮ ಎಂದೂ ಕೆಲಸದ ಹೊತ್ತಿನಲ್ಲಿ ಫೋನು ಮಾಡುವವಳಲ್ಲ.

"ಮಿತ್ರಾ, ಎಲ್ಲಿದೀಯಾ?"

"ಕೆರೆ ಮಧ್ಯ ಇದೀನಮ್ಮ."

"ಹುಳ ತಲೆ ಎತ್ತೆತ್ತಿ ಆಡಿಸ್ತವೆ ಕಣೆ. ಹಸ್ರು ವಾಂತಿ ಮಾಡ್ಕೊಂಡು ಸುರುಟ್ಕೊಂಡು ಬೀಳ್ತವೆ. ಸೊಪ್ಪು ಹಾಕಿದ್ರೆ ಒಂದೂ ಮುಟ್ಟವಲ್ವು. ಬಾಗಿಲ ಕಡೆ ಮೂರು ಸ್ಟ್ಯಾಂಡೂ ಹೋಯ್ತು. ನಿಮ್ಮಪ್ಪನ್ನ ಕೇಳಿದ್ರೆ ಬಾಯಿ ಬಿಡವಲ್ಲ. ಯಾರೇ ಬಂದಿದ್ರು?"

ಸಂಘಮಿತ್ರ ಹೇಳಿದಳು.

"ನೀನು ಅಲ್ಲೇ ಇದ್ದ್ಯಾ?"

"ಇದ್ದೆ."

ಫೋನು ಕಟ್ಟಾಯಿತು.

ಇಪ್ಪತ್ತೆರಡು ದಿನ ಅಮ್ಮ ಒಂದು ಮದುವೆಗೆ ಹೋಗಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಒಗ್ಗರಣೆ ಘಾಟು ಹುಳಕ್ಕೆ ಆಗುವುದಿಲ್ಲವೆಂದು ಹಿತ್ತಲಲ್ಲಿ ಒಲೆ ಹೂಡಿ ಅಡುಗೆ ಮಾಡಿದ್ದಳು. ಪಕ್ಕದ ತೋಟದವರು ಔಷಧಿ ಹೊಡೆಯುತ್ತೇವೆಂದಾಗ ಅವರ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿ ನಿಲ್ಲಿಸಿದ್ದಳು. ಅದೆಲ್ಲವೂ ಇಪ್ಪತ್ತು ನಿಮಿಷಕ್ಕೆ ಹೋಯಿತು. ತಾನು ಒಂದು ಸಲ ಬೇಡ ಎಂದು ಕೂಗಿ, ಆಮೇಲೆ ಸಂಬಳದ ಆಳಿನ ಹಾಗೆ ಲಗಾಮು ಹಿಡಿದು ನಿಂತಿದ್ದಳು.

ಅವಳು ತನ್ನ ಕುದುರೆಯ ಮುಖ ತಿರುಗಿಸಿದಳು. "ಎಲ್ಲರೂ ವಾಪಸ್."

"ಏನಾಯ್ತು?" ಎಂದ ರವಿಚಂದ್ರ.

"ನಮ್ಮ ಮನೆ ಹುಳ ಸಾಯ್ತಾ ಇದಾವೆ. ನಿಮ್ಮ ಸ್ಪ್ರೇಗೆ. ವಾಪಸ್ ಹೋಗ್ತಿದೀವಿ."

"ಅಲ್ಲಮ್ಮ, ಹಾಗೆ ಅರ್ಧದಲ್ಲಿ... ಊಟ ಆ ಕಡೆ ಇದೆಯಲ್ಲ? ನಾವು ಫುಲ್ ಟ್ರಿಪ್‌ಗೆ ಬುಕ್ ಮಾಡಿರೋದು. ನಮ್ಮನ್ನ ಬಿಟ್ಟು ಆಮೇಲೆ ನೀನು ಹೋಗು."

"ಹೋಗಿ," ಎಂದಳು ಸಂಘಮಿತ್ರ. "ನೆಟ್ಟಗೆ ಹೋದ್ರೆ ಎಡಗಡೆ ಇಟ್ಟಿಗೆ ಗೂಡಿನೋರು ತೋಡಿರೋ ಗುಂಡಿ, ಎರಡಾಳು ಆಳ. ಬಲಗಡೆ ಹೂಳು. ಕುದುರೆ ಇಳಿದ್ರೆ ಜೆಸಿಬಿ ತರಬೇಕು ಎತ್ತೋಕೆ. ಮಧ್ಯೆ ಎಲ್ಲಿ ಹೋಗ್ಬೇಕು ಅಂತ ನಿಮ್ಮ ಫೋನ್ ಹೇಳುತ್ತಾ ನೋಡ್ಕೊಳ್ಳಿ."

ಹಾಡು ನಿಂತಿತು. ಅವಳು ಹಿಂತಿರುಗಿ ನೋಡದೆ ಕುದುರೆಗೆ ಹಿಮ್ಮಡಿ ತಾಗಿಸಿದಳು. ಮಿಕ್ಕ ಕುದುರೆಗಳು ಯಾರ ಅಪ್ಪಣೆಗೂ ಕಾಯದೆ ಅವಳ ಹಿಂದೆ ತಿರುಗಿದವು.

ಮನೆಯಂಗಳ ಮುಟ್ಟಿದಾಗ ಸಪ್ಪಲಮ್ಮ ಹಿಂಬಾಗಿಲಿಂದ ತಟ್ಟೆಗಳನ್ನು ಎತ್ತಿ ಎತ್ತಿ ದನದ ಕೊಟ್ಟಿಗೆಗೆ ಸಾಗಿಸುತ್ತಿದ್ದಳು. ಮೈ ತುಂಬ ಸೋಪು ಹಾಕಿ ತೊಳೆದುಕೊಂಡು ಒದ್ದೆ ಸೀರೆಯಲ್ಲೇ ಇದ್ದಳು. ಬಾಗಿಲಿಂದ ದೂರವಿದ್ದ ಎರಡು ಸ್ಟ್ಯಾಂಡಿನ ಹುಳುಗಳು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಅವನ್ನಾದರೂ ಉಳಿಸಿಕೊಳ್ಳಬೇಕಿತ್ತು. ಲಕ್ಷ್ಮಯ್ಯ ಜಗುಲಿಯ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಸಂಘಮಿತ್ರ ಕುದುರೆಯಿಂದಿಳಿದು ಓಡಿಹೋದಳು. "ಅಮ್ಮ, ಕೊಡು, ನಾನು..."

"ಬರಬೇಡ!" ಸಪ್ಪಲಮ್ಮನ ಕೂಗಿಗೆ ಕುದುರೆಯೊಂದು ಬೆದರಿ ಹಿಂದೆ ಸರಿಯಿತು. "ಅಲ್ಲೇ ನಿಂತ್ಕೋ! ಕುದ್ರೆ ಮೈಗೂ ನೊಣದ ಔಷಧಿ ಹೊಡ್ದಿದೀರ, ನಿನ್ನ ಬಟ್ಟೆ ತುಂಬ ಅದೇ ಗಬ್ಬು. ಇನ್ನೊಬ್ರು ಗೊತ್ತಿಲ್ದೆ ಮಾಡವ್ರೆ. ನಿಂಗೆ ಗೊತ್ತಿರ್ಲಿಲ್ವಾ? ಈ ಹುಳದ ಮಧ್ಯೆ ಹುಟ್ಟಿ ಬೆಳೆದೋಳಿಗೆ? ಗೌಡ್ನ ಕುದ್ರೆ ಮೇಲೆ ಕೂತ್ರೆ ಮನೆ ಕಣ್ಣಿಗೆ ಕಾಣಲ್ವಾ?"

ಸಂಘಮಿತ್ರ ನಿಂತಲ್ಲೇ ನಿಂತಳು.

ಶಶಿರೇಖಾ ತಾನೇ ತಡವರಿಸುತ್ತ ಕುದುರೆಯಿಂದ ಇಳಿದಿದ್ದಳು. ತೆರೆದ ಬಾಗಿಲಿನಿಂದ ಒಳಗೆ ನೋಡಿದಳು. ಬೆಳಿಗ್ಗೆ ಅಂಗೈ ಮೇಲೆ ಇಟ್ಟುಕೊಂಡಿದ್ದ ಹುಳುಗಳು ಬೆರಳುದ್ದ ಇದ್ದವು, ಬೆಳ್ಳಗೆ, ನುಣ್ಣಗೆ. ಈಗ ಅವು ಕುಗ್ಗಿ, ಸೊಟ್ಟಗೆ, ತಮ್ಮ ವಾಂತಿಯಲ್ಲೇ ಅಂಟಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ತಲೆ ಆಡಿಸುತ್ತಿದ್ದವು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ನಮಗೆ ಗೊತ್ತಿರಲಿಲ್ಲ ಅಲ್ವಾ," ಎಂದ ರವಿಚಂದ್ರ. "ಯಾರೂ ಹೇಳಲಿಲ್ಲ."

"ನಾನು ಹೇಳಿದ್ದೆ."

"ಒಂದು ಸಲ ಹೇಳಿದೆ. ಮನೋಹರ್ ಏನೂ ಆಗಲ್ಲ ಅಂದ್ರು. ನೀನೂ ಸುಮ್ಮನಾದೆ."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಸಂಘಮಿತ್ರಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಅಷ್ಟರಲ್ಲಿ ಜೀಪು ಬಂತು. ಅತಿಥಿಗಳಲ್ಲಿ ಯಾರೋ ಫೋನು ಮಾಡಿದ್ದರು. "ಏನಮ್ಮ ಇದು?" ಎನ್ನುತ್ತಲೇ ಇಳಿದ ಮನೋಹರ್. "ಅಲ್ಲಿ ಅಡಿಗೆಯವರು ಕಾಯ್ಕೊಂಡು ಕೂತಿದಾರೆ. ಗೆಸ್ಟ್‌ನ ಕೆರೆ ಮಧ್ಯದಿಂದ ತಿರುಗಿಸ್ಕೊಂಡು ಬಂದ್ಬಿಟ್ಟಿದೀಯಲ್ಲ, ತಲೆ ಸರಿ ಇದೆಯಾ ನಿಂಗೆ?"

"ಹುಳ ಸತ್ತೋದ್ವು ಸಾರ್."

ಅವನು ಬಾಗಿಲಲ್ಲಿ ಒಮ್ಮೆ ಇಣುಕಿದ. ಮುಖ ಸ್ವಲ್ಪ ಇಳಿಯಿತು. ಅವನು ಕೆಟ್ಟವನಲ್ಲ ಎಂದೇ ಊರಿನಲ್ಲಿ ಹೆಸರು. ಯಾರಿಗಾದರೂ ಹುಷಾರಿಲ್ಲವೆಂದರೆ ಜೀಪು ಕಳಿಸುತ್ತಿದ್ದ. "ಛೆ," ಎಂದ. "ಸರಿ, ಆಗಿದ್ದು ಆಗೋಯ್ತು. ಎಷ್ಟು ಲಾಸ್ ಅಂತ ಹೇಳಿಬಿಡು ಲಕ್ಷ್ಮಯ್ಯ, ನಾನು ಕೊಡ್ತೀನಿ. ನಾನೇನು ಓಡಿ ಹೋಗ್ತೀನಾ? ಸಂಗು, ನೀನು ಇವರನ್ನ ಕರ್ಕೊಂಡು ಹೊರಡು. ಹೊತ್ತಾಗ್ತಿದೆ."

ಲಕ್ಷ್ಮಯ್ಯ ಎದ್ದು ನಿಂತಿದ್ದ. "ಹೋಗಮ್ಮ," ಎಂದ ಮಗಳಿಗೆ ಮೆಲ್ಲಗೆ.

"ನಾನು ಹೋಗಲ್ಲ."

"ಏನಂದೆ?" ಎಂದ ಮನೋಹರ್.

"ಕೊಟ್ಟಿಗೇಲಿರೋ ಹುಳಕ್ಕೆ ಬೇರೆ ಸೊಪ್ಪು ತರಬೇಕು. ಸತ್ತಿರೋದನ್ನ ತೆಗೀಬೇಕು. ಇವತ್ತು ನಾನು ಎಲ್ಲೂ ಹೋಗಲ್ಲ. ಇವರೂ ಹೋಗಲ್ಲ."

"ನೋಡು, ನಿನ್ನ ಕೆಲಸ..."

ಅವನು ಮಾತು ಮುಗಿಸುವ ಮುಂಚೆ ಸಪ್ಪಲಮ್ಮ ಹುಳುಮನೆಯಿಂದ ಹೊರಬಂದಳು. ಕೈಯಲ್ಲಿ ಸತ್ತ ಹುಳುಗಳ ತಟ್ಟೆ. ಜೀವಮಾನದಲ್ಲಿ ಆ ಮನೆಯ ಗಂಡಸರ ಎದುರು ಸೆರಗು ಹೊದ್ದು ಪಕ್ಕಕ್ಕೆ ನಿಂತೇ ಮಾತಾಡಿದವಳು. ಈಗ ನೇರ ಬಂದು ತಟ್ಟೆಯನ್ನು ಮನೋಹರನ ಎದೆಯ ಮಟ್ಟಕ್ಕೆ ಹಿಡಿದಳು.

"ಬಾರೋ ಒಳಗೆ," ಎಂದಳು. "ಬೆಳಿಗ್ಗೆ ನಾನಿಲ್ದಾಗ ಬಂದಲ್ಲ, ಈಗ ಬಾ. ಇವನ್ನೆಲ್ಲ ಒಂದೊಂದಾಗಿ ಎತ್ತು. ದುಡ್ಡಂತೆ, ದುಡ್ಡು. ನಿನ್ನ ದುಡ್ಡು ಇವಕ್ಕೆ ಸೊಪ್ಪು ತಿನ್ನುಸ್ತದಾ?"

ಲಕ್ಷ್ಮಯ್ಯ, "ಏ, ಏನ್ ಮಾತಾಡ್ತಾ ಇದೀಯಾ," ಎಂದು ಒಂದು ಹೆಜ್ಜೆ ಮುಂದಿಟ್ಟು, ಹೆಂಡತಿಯ ಮುಖ ನೋಡಿ ನಿಂತುಬಿಟ್ಟ. ಮನೋಹರನ ಕಿವಿ ಕೆಂಪಾಯಿತು. ಅತಿಥಿಗಳ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು.

"ಹೆಂಗಸರ ಹತ್ರ ಏನ್ ಮಾತು," ಎಂದು ಗೊಣಗಿ ಅವನು ಜೀಪಿನ ಕಡೆ ತಿರುಗಿದ.

ಆಗ ಶಶಿರೇಖಾ ಮುಂದೆ ಬಂದು ಕೈ ಚಾಚಿದಳು. "ಕೊಡಿ. ಎಲ್ಲಿ ಹಾಕ್ಬೇಕು ಹೇಳಿ."

ಸಪ್ಪಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕರುಣೆಯೇನೂ ಆ ನೋಟದಲ್ಲಿರಲಿಲ್ಲ. "ಸತ್ತಿರೋದನ್ನ ಮುಟ್ಟು. ಬದುಕಿರೋವು ಕೊಟ್ಟಿಗೇಲವೆ, ಆ ಕಡೆ ಕಾಲಿಡಬೇಡ. ಹಿತ್ತಲಲ್ಲಿ ಗುಂಡಿ ಅದೆ."

ಎರಡು ಗಂಟೆ ಹೊತ್ತು ಕೆಲಸ ನಡೆಯಿತು. ಶಶಿರೇಖಾ ಹೊತ್ತಳು, ನಾಚಿಕೆಗೆ ಬಿದ್ದು ಗೆಳೆಯರಿಬ್ಬರೂ ಹೊತ್ತರು. ರವಿಚಂದ್ರ ಮಾತ್ರ ಬೈಕಿನಲ್ಲಿ ಹೋಗುತ್ತಿದ್ದವನನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಬಸ್‌ಸ್ಟಾಪಿನವರೆಗೆ ಡ್ರಾಪ್ ಕೇಳಿ ಹೊರಟುಹೋದ. ಸಂಘಮಿತ್ರ ಗುಂಡಿಯನ್ನು ಇನ್ನಷ್ಟು ಆಳ ತೋಡಿದಳು. ಗುದ್ದಲಿ ಬೀಳುತ್ತಿದ್ದ ರಭಸಕ್ಕೆ ಮಣ್ಣು ಬೇಲಿಯಾಚೆ ಹಾರುತ್ತಿತ್ತು. ಮನೋಹರ್ ಜೀಪಿನಲ್ಲೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಕೊನೆಗೆ ಮೂವರು ಅತಿಥಿಗಳನ್ನು ಕೂರಿಸಿಕೊಂಡು ಹೋಗುವಾಗ ಕಿಟಕಿಯಿಂದ ತಲೆ ಹೊರಹಾಕಿ, "ಕುದುರೆ ಲಾಯಕ್ಕೆ ಬಿಟ್ಟು ಬೀಗದ ಕೈ ಕೊಟ್ಟು ಹೋಗು. ನಾಳೆಯಿಂದ ಬರೋದು ಬೇಡ," ಎಂದ.

ಸಂಘಮಿತ್ರ ಗುದ್ದಲಿ ಕೆಳಗಿಟ್ಟು ಕೈ ತೊಳೆದುಕೊಂಡಳು. ಕುದುರೆಗಳೇನು ತಪ್ಪು ಮಾಡಿದ್ದವು? ಬಾವಿಕಟ್ಟೆಯಲ್ಲಿ ನೀರು ಕುಡಿಸಿ, ಐದನ್ನೂ ಒಂದೇ ಹಗ್ಗಕ್ಕೆ ಕಟ್ಟಿ ನಡೆಸಿಕೊಂಡು ಹೋದಳು. ಲಾಯದಲ್ಲಿ ಜೀನು ಇಳಿಸಿ, ಬೆನ್ನು ಉಜ್ಜಿ, ಹುರುಳಿ ಇಟ್ಟಳು. ಗೊರಸಿಗೆ ಸಿಕ್ಕಿದ್ದ ಕೆರೆಯ ಹೂಳನ್ನು ಒಂದೊಂದೇ ಕಾಲೆತ್ತಿ ಕೆರೆದು ತೆಗೆದಳು. ಬೀಗದ ಕೈಯನ್ನು ಮನೋಹರನ ತಾಯಿ ಭಾಗ್ಯಮ್ಮನ ಕೈಗೆ ಕೊಟ್ಟಾಗ ಆಕೆ, "ಯಾಕಮ್ಮ, ಏನಾಯ್ತು?" ಎಂದಳು. "ನಿಮ್ಮ ಮಗನ್ನ ಕೇಳಿ," ಎಂದು ಬಂದುಬಿಟ್ಟಳು.

ಮನೆಯಲ್ಲಿ ಸಪ್ಪಲಮ್ಮ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಸೀಗೆಪುಡಿ ಹಾಕಿ ಮೂರು ಸಲ ಮಿಂದ ಮೇಲೆಯೇ ಸೊಪ್ಪು ಮುಟ್ಟಲು ಬಿಟ್ಟಳು. ಕೊಟ್ಟಿಗೆಯ ಹುಳುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಸತ್ತವು. ಮಿಕ್ಕವು ಐದನೆಯ ದಿನ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಅವನ್ನು ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಬಿಟ್ಟರು. ಆರು ಚಂದ್ರಿಕೆಗೆ ಆಗುವಷ್ಟು ಇದ್ದವು, ಅಷ್ಟೇ. ಪ್ರತಿ ಸಲ ನಲವತ್ತು ಸಾಲುತ್ತಿರಲಿಲ್ಲ.

ಅವು ಗೂಡು ಕಟ್ಟಲು ಶುರುಮಾಡಿದ ಮಾರನೆಯ ದಿನ ಮನೋಹರ್ ಬಂದ. ಸಂಘಮಿತ್ರ ಅವನನ್ನು ಗೇಟಿನಲ್ಲೇ ತಡೆದಳು.

"ಶನಿವಾರ ಎಂಟು ಜನ ಬರ್ತಾರೆ ಕಣಮ್ಮ," ಎಂದ ಅವನು ತಗ್ಗಿದ ದನಿಯಲ್ಲಿ. "ಬೇರೆ ಹುಡುಗನ್ನ ಕರೆಸಿದ್ದೆ. ನಿನ್ನೆ ಹಿನ್ನೀರಲ್ಲಿ ಕುದುರೆ ಹೂತ್ಕೊಂಡು ಒದ್ದಾಡಿಬಿಡ್ತು. ಸಿಟ್ಟಲ್ಲಿ ಏನೋ ಅಂದೆ, ಮನಸ್ಸಿಗೆ ಹಚ್ಕೋಬೇಡ. ಹುಳದ ದುಡ್ಡೂ ತಂದಿದೀನಿ. ಲಕ್ಷ್ಮಯ್ಯ, ನೀನಾದ್ರೂ ಹೇಳೋ ನಿನ್ನ ಮಗಳಿಗೆ."

ಲಕ್ಷ್ಮಯ್ಯ ಜಗುಲಿಯಿಂದ ಇಳಿದು ಬಂದು ಮಗಳ ಪಕ್ಕ ನಿಂತ.

"ನಮ್ಮಪ್ಪಂಗೆ ಅರವತ್ಮೂರು," ಎಂದಳು ಸಂಘಮಿತ್ರ. "ನಿಮಗೆ ನಲವತ್ತಾಗಿಲ್ಲ. ಅವರನ್ನ 'ಲಕ್ಷ್ಮಯ್ಯನವ್ರೇ' ಅಂತ ಕರೆದು, ನನ್ನಿಂದ ತಪ್ಪಾಯ್ತು ಅನ್ನಿ. ಆಮೇಲೆ ಕೆಲಸದ ಮಾತಾಡೋಣ."

ಮನೋಹರ್ ನಕ್ಕ. ಅವಳು ನಗಲಿಲ್ಲ. ಅವನು ಲಕ್ಷ್ಮಯ್ಯನ ಕಡೆ ತಿರುಗಿದ, ಬಾಯಿ ತೆರೆದ. ಆಮೇಲೆ ಜೇಬಿನ ಲಕೋಟೆಯನ್ನು ಗೇಟಿನ ಕಂಬದ ಮೇಲಿಟ್ಟು, "ನಿಮಗೆ ಒಳ್ಳೇದು ಮಾಡೋಕೆ ಬಂದ್ರೆ ಹಿಂಗೇ," ಎಂದು ಜೀಪು ಹತ್ತಿ ಹೋದ.

ಧೂಳು ಇಳಿಯುವ ಮುಂಚೆಯೇ ಲಕ್ಷ್ಮಯ್ಯ ಮಗಳ ಮೇಲೆ ತಿರುಗಿಬಿದ್ದ. "ಅದನ್ನ ಕೇಳು ಅಂತ ನಾನು ಹೇಳಿದ್ನಾ? ನನ್ನ ಮರ್ಯಾದೆ ನೀನು ಯಾಕೆ ಬೇಡಬೇಕು?"

"ನೀನು ಕೇಳಲ್ವಲ್ಲ, ಅದಕ್ಕೆ! ಆವತ್ತು ಬಾಗಿಲು ತೆಗೆದೋನು ಯಾರು?"

"ನಾನೇ ತೆಗೆದೆ! ನೀನು ಬಾಯಿ ಮುಚ್ಕೊಂಡು ನಿಂತಿದ್ದೆ!"

"ಏಯ್!" ಸಪ್ಪಲಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಬೆರಳು ತುಟಿಗೆ ಒತ್ತಿ, ಕಣ್ಣು ಕೆಕ್ಕರಿಸಿ ನಿಂತಿದ್ದಳು. "ಹುಳ ಗೂಡು ಕಟ್ತವೆ. ಕಿರುಚೋದಿದ್ರೆ ಆಚೆ ಹೋಗಿ ಇಬ್ರೂ."

ಅವರು ಹೋದರು. ಹೇಗೂ ತೋಟದ ಕಡ್ಡಿ ಸವರುವ ಕೆಲಸವಿತ್ತು. ತೋಟದ ಆ ತುದಿ ಮುಟ್ಟುವವರೆಗೆ ಇಬ್ಬರೂ ಬಾಯಿ ಬಿಗಿಹಿಡಿದು, ಮಚ್ಚು ಹಿಡಿದುಕೊಂಡು ನಡೆದರು. ಮುಟ್ಟಿದ ಮೇಲೆ ಶುರುವಾಯಿತು. ಲಕ್ಷ್ಮಯ್ಯ ಹಿಪ್ಪುನೇರಳೆ ಗಿಡ ಕಡಿಯುತ್ತ ಮಗಳನ್ನು ಬೈದ, ಅಪ್ಪಯ್ಯಣ್ಣನನ್ನು ಬೈದ, ಮನೋಹರನನ್ನು ಬೈದ, ತನ್ನನ್ನು ತಾನೇ ಬೈದುಕೊಂಡ. ಅವನ ಬಾಯಲ್ಲಿ ಅಂಥ ಮಾತುಗಳಿವೆ ಎಂದು ಸಂಘಮಿತ್ರಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳೂ ಬಿಡಲಿಲ್ಲ. ಪಕ್ಕದ ತೋಟದವರು ಕೆಲಸ ನಿಲ್ಲಿಸಿ ಬೇಲಿಯ ಬಳಿ ಬಂದು ನೋಡಿದರು.

"ಏನ್ ಲಕ್ಷ್ಮಯ್ಯ, ಏನು ಜಗಳ?"

"ನಮ್ಮನೆ ವಿಷ್ಯ, ಹೋಗ್ರೀ ನೀವು!" ಎಂದು ಲಕ್ಷ್ಮಯ್ಯ ಅಬ್ಬರಿಸಿದ. ಆಮೇಲೆ ಉಸಿರು ತೆಗೆದುಕೊಂಡು, ಇನ್ನೊಂದು ಗಿಡಕ್ಕೆ ಮಚ್ಚು ಬೀಸಿದ.